ಏನನ್ನೂ ಕೇಳದ ಚಾವಡಿ

ಆ ಊರಿನಲ್ಲಿ ಬೇಸಿಗೆ ಬಂತೆಂದರೆ ದೊಡ್ಡವರೆಲ್ಲ ಕಲ್ಲುಗಣಿಗೆ ಇಳಿಯುತ್ತಿದ್ದರು. ಹೊಳೆ ಬತ್ತುತ್ತಿತ್ತು, ಶಾಲೆಗೆ ಬೀಗ ಬೀಳುತ್ತಿತ್ತು, ಮನೆಮನೆಯ ಒಲೆ ಬೆಳಗಾಗುವ ಹೊತ್ತಿಗೇ ತಣ್ಣಗಾಗುತ್ತಿತ್ತು. ಆಗ ಊರ ನಡುವಿನ ಚಾವಡಿಯಲ್ಲಿ ಒಂದು ಒಲೆ ಮಾತ್ರ ಉರಿಯುತ್ತಿತ್ತು. ಬಿಸಿಲು ನೆತ್ತಿಗೆ ಬಂದಾಗ ಚಾವಡಿಯ ಯಜಮಾನರು ಜಾಗಟೆ ಬಾರಿಸುತ್ತಿದ್ದರು. ಮಕ್ಕಳು ಎಲ್ಲ ಓಣಿಗಳಿಂದ ಬರುತ್ತಿದ್ದರು. ಬಂದವರೆಲ್ಲ ಉಣ್ಣುತ್ತಿದ್ದರು.

ಚಾವಡಿಗೊಂದು ಕಟ್ಟಳೆ ಇತ್ತು. ಹಸಿದು ಬಂದ ಮಗುವನ್ನು, ಅದು ಉಣ್ಣುವ ಮುಂಚೆ, ಯಾರೂ ಏನನ್ನೂ ಕೇಳಕೂಡದು. ಹೆಸರು ಕೇಳಕೂಡದು. ಓಣಿ ಕೇಳಕೂಡದು. ಅಪ್ಪ ಯಾರೆಂದು, ಮನೆಮಾತು ಯಾವುದೆಂದು, ಯಾವ ದೇವರಿಗೆ ಕೈ ಮುಗಿಯುತ್ತೀ ಎಂದು ಕೇಳಕೂಡದು. ಕೇಳಿದ್ದು ಗೊತ್ತಾದರೆ ಒಲೆಗೆ ನೀರು ಸುರಿಯಬೇಕು.

ಹಿಂದೆ ಯಾವುದೋ ಬೇಸಿಗೆಯಲ್ಲಿ ಒಂದು ಮಗುವನ್ನು ಬಾಗಿಲಲ್ಲಿ ನಿಲ್ಲಿಸಿ 'ನೀನು ಯಾರ ಪೈಕಿ' ಎಂದು ಕೇಳಿದ್ದರಂತೆ. ಮಗು ಉತ್ತರ ಹೇಳದೆ ಹಿಂದಿರುಗಿತಂತೆ. ಅದು ಹೊಳೆಯ ಮರಳಿನಲ್ಲಿ ಸಿಕ್ಕಿದಾಗ ಅದರ ಬಾಯಲ್ಲಿ ಮಣ್ಣಿತ್ತಂತೆ. ಆ ದಿನ ಊರವರು ಮಾಡಿಕೊಂಡ ಕಟ್ಟಳೆ ಇದು. ಅದನ್ನು ಕಾಯುವುದಕ್ಕೆಂದು ಹೊಳೆಯ ಮೇಲ್ದಿಕ್ಕಿನ ಪಟ್ಟಣದಿಂದ ಪ್ರತಿ ಬೇಸಿಗೆಯಲ್ಲೂ ಒಬ್ಬಳು ಬರುತ್ತಿದ್ದಳು. ಅವಳನ್ನು ಎಲ್ಲರೂ ತನಿಖೆಯಮ್ಮ ಎನ್ನುತ್ತಿದ್ದರು. ಅವಳು ಕಂಬಕ್ಕೆ ಒರಗಿ ಕೂರುತ್ತಿದ್ದಳು, ಕಿವಿಗೊಟ್ಟು ಆಲಿಸುತ್ತಿದ್ದಳು, ಪ್ರಶ್ನೆಯೊಂದೂ ಕೇಳಿಬರದಿದ್ದರೆ ಎದ್ದು ಹೋಗುತ್ತಿದ್ದಳು.

ಅನ್ನ ಬಡಿಸುತ್ತಿದ್ದವಳನ್ನು ಮಕ್ಕಳು ಉಣಿಸವ್ವ ಎಂದು ಕರೆಯುತ್ತಿದ್ದರು. ಅವಳ ಮಗನನ್ನೂ ಸೊಸೆಯನ್ನೂ ಗಣಿ ನುಂಗಿತ್ತು. ಉಳಿದವನು ಒಬ್ಬ ಮೊಮ್ಮಗ. ಅವನೂ ಆ ಸಾಲಿನಲ್ಲೇ ಕೂತು ಉಣ್ಣುತ್ತಿದ್ದ. ಆ ಒಲೆ ಬಿಟ್ಟರೆ ಅವರಿಬ್ಬರಿಗೆ ಬೇರೆ ಒಲೆ ಇರಲಿಲ್ಲ.

ಆ ವರ್ಷ ಹೊಳೆಯ ಆಚೆ ದಂಡೆಯಲ್ಲಿ ಹೊಸ ಜನ ಬಂದು ಬೀಡುಬಿಟ್ಟರು. ಮಣ್ಣು ತುಳಿದು ಇಟ್ಟಿಗೆ ಕೊಯ್ಯುವ ಜನ. ಅವರ ಮಾತು ಬೇರೆ, ಉಡುಗೆ ಬೇರೆ. ಅವರ ಮೈಗೆ ಹತ್ತಿದ ಕೆಂಪು ಧೂಳು ತೊಳೆದರೂ ಹೋಗುತ್ತಿರಲಿಲ್ಲ. ಜಾಗಟೆಯ ಸದ್ದು ಒಣಗಿದ ಹೊಳೆಯನ್ನು ದಾಟಿ ಅವರಿಗೂ ಕೇಳಿಸಿತು. ಒಂದು ಮಧ್ಯಾಹ್ನ ಅವರ ಮಕ್ಕಳು ಮರಳು ತುಳಿದುಕೊಂಡು ಬಂದು ಚಾವಡಿಯ ಬಾಗಿಲಲ್ಲಿ ನಿಂತರು. ಎಲ್ಲರಿಗಿಂತ ಮುಂದೆ ನಿಂತವಳು ಒಬ್ಬ ಹುಡುಗಿ. ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡಿದ್ದಳು.

ಉಣಿಸವ್ವ ಕಟ್ಟಳೆಯಂತೆ ಏನನ್ನೂ ಕೇಳಲಿಲ್ಲ. ಎಲೆ ಹಾಸಿದಳು, ಕೂರಿಸಿದಳು, ಬಡಿಸಿದಳು.

ಅಂದು ಎಲ್ಲ ಮುಗಿದ ಮೇಲೆ ಯಜಮಾನರು ಅಕ್ಕಿ ತುಂಬಿಟ್ಟ ನೆಲಗುಳಿಯ, ಆ ಹಗೇವಿನ, ಬಾಯಿಗೆ ಬಗ್ಗಿ ಬಹಳ ಹೊತ್ತು ನೋಡಿದರು.

"ಉಣಿಸವ್ವಾ, ಈ ಅಕ್ಕಿ ಮಳೆಗಾಲದವರೆಗೆ ಬರಬೇಕು. ನಮ್ಮ ಜನ ಬೆನ್ನು ಮುರಿದು ಕಲ್ಲು ಒಡೆದು ತುಂಬಿಸಿದ ಹಗೇವು ಇದು."

"ಬಂದ ಮಕ್ಕಳನ್ನ ಹೋಗು ಅನ್ನೋದು ಹೆಂಗೆ ಯಜಮಾನ್ರೇ?"

"ಯಾರನ್ನೂ ಹೋಗು ಅನ್ನಲ್ಲ. ಯಾರನ್ನೂ ಏನೂ ಕೇಳೋದೂ ಇಲ್ಲ. ಕಟ್ಟಳೆ ಮುರಿಯೋ ಪೈಕಿ ಅಲ್ಲ ನಾನು."

ಮರುದಿನ ಚಾವಡಿಯ ಬಾಗಿಲು ಅರ್ಧ ಮುಚ್ಚಿತ್ತು. ಯಜಮಾನರು ಹೊಸ್ತಿಲ ಮೇಲೆ ನಿಂತಿದ್ದರು. ಊರ ಮಕ್ಕಳಿಗೆ ತಾಯಂದಿರು ಬೆಳಿಗ್ಗೆಯೇ ಒಂದು ಹಾಡು ಕಲಿಸಿ ಕಳಿಸಿದ್ದರು.

*ಈ ಊರ ನೀರು ಕುಡಿದೆ,*
*ಈ ಊರ ನೆರಳಲ್ಲಿ ನಡೆದೆ,*
*ಅಜ್ಜನ ಅಜ್ಜ ಒಡೆದ ಕಲ್ಲ ಮೇಲೆ*
*ನನ್ನ ಮನೆ ನಿಂತಿದೆ.*

ಹಾಡಿದ ಮಗುವಿಗೆ ಯಜಮಾನರು ದಾರಿ ಬಿಟ್ಟರು. ಇನ್ನೊಂದು ಮಗು ಹಾಡಿತು, ಒಳಗೆ ಹೋಯಿತು. ಮತ್ತೊಂದು ಹಾಡಿತು, ಒಳಗೆ ಹೋಯಿತು. ಆಚೆ ದಂಡೆಯ ಮಕ್ಕಳು ಮುಂದೆ ಬಂದಾಗ ಯಜಮಾನರು ಬೈಯಲಿಲ್ಲ, ತಳ್ಳಲಿಲ್ಲ, ಬಾಯಿಯನ್ನೇ ತೆರೆಯಲಿಲ್ಲ. ಸುಮ್ಮನೆ ಬಾಗಿಲಿಗೆ ಅಡ್ಡ ನಿಂತು ಹಾಡಿಗಾಗಿ ಕಾದರು. ಆ ಮಕ್ಕಳಿಗೆ ಹಾಡು ಬರುತ್ತಿರಲಿಲ್ಲ. ಅವರು ಬಿಸಿಲಿನಲ್ಲಿ ನಿಂತರು.

ಒಳಗಿನವರೆಲ್ಲ ಉಂಡು ಕೈ ತೊಳೆದ ಮೇಲೆ ಬಾಗಿಲು ತೆರೆಯಿತು. ಹಂಡೆಯ ತಳದಲ್ಲಿ ಉಳಿದದ್ದು ಸೀದ ಅನ್ನ, ತಿಳಿ ಗಂಜಿ. ಉಣಿಸವ್ವ ಅದನ್ನೇ ಕೆರೆದು ಬಡಿಸಿದಳು. ಸೌಟು ಹಂಡೆಗೆ ಉಜ್ಜಿ ಕಿರುಗುಟ್ಟುವಾಗ ಅವಳು ಮಕ್ಕಳ ಮುಖ ನೋಡುತ್ತಿರಲಿಲ್ಲ.

ಹೀಗೇ ದಿನಗಳು ಹೋದವು. ಜಾಗಟೆ ಮೊಳಗಿತು, ಹಾಡು ಕೇಳಿಸಿತು, ಸೌಟು ತಳ ಕೆರೆಯಿತು. ಒಮ್ಮೆ ಉಣಿಸವ್ವ ಮೇಲಿನ ಅನ್ನವನ್ನು ಒಂದು ಬೋಗುಣಿಗೆ ತೆಗೆದು ಒಲೆಯ ಹಿಂದೆ ಮುಚ್ಚಿಟ್ಟಳು. ಯಜಮಾನರು ಅದನ್ನು ಕಂಡರು. ಬೋಗುಣಿಯನ್ನು ಎತ್ತಿ ತಾವೇ ಹಂಡೆಗೆ ಸುರಿದು ಮೆಲ್ಲಗೆ ಹೇಳಿದರು, "ನಿನಗೂ ಒಬ್ಬ ಮೊಮ್ಮಗ ಇದ್ದಾನೆ. ಅವನಿಗೆ ಈ ಒಲೆ ಬೇಕು ತಾನೇ?" ಆಮೇಲೆ ಅವಳು ಏನನ್ನೂ ಮುಚ್ಚಿಡಲಿಲ್ಲ.

ಹೊರಗೆ ನಿಂತ ಹುಡುಗಿ ಮಾತ್ರ ಸುಮ್ಮನೆ ನಿಂತಿರಲಿಲ್ಲ. ಬಾಗಿಲಿಗೆ ಕಿವಿ ಕೊಟ್ಟು ತುಟಿ ಆಡಿಸುತ್ತಿದ್ದಳು. ತಮ್ಮನ ಬೆನ್ನಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಒಂದು ದಿನ ಅವಳು ಊರ ಮಕ್ಕಳ ಸಾಲಿನಲ್ಲೇ ಬಂದು ಯಜಮಾನರ ಎದುರು ನಿಂತು ಮೊದಲಿಂದ ಕೊನೆಯವರೆಗೆ ಹಾಡಿದಳು. ಒಂದು ಅಕ್ಷರ ತಪ್ಪಲಿಲ್ಲ.

ಒಳಗೆ ಉಣಿಸವ್ವ ಬಡಿಸುವುದನ್ನು ನಿಲ್ಲಿಸಿದಳು. ಸಾಲಿನ ಮಕ್ಕಳು ಯಜಮಾನರ ಮುಖ ನೋಡಿದರು. ಯಜಮಾನರು ಪಕ್ಕದಲ್ಲಿದ್ದ ಊರ ಹುಡುಗನಿಗೆ, "ಹಾಡು ಇನ್ನೂ ಮುಗಿದಿಲ್ಲ. ಮುಂದಿನ ನುಡಿ ನಾಳೆ ನಿಮ್ಮವ್ವ ಹೇಳಿಕೊಡ್ತಾಳೆ" ಎಂದರು. ಹುಡುಗಿಯ ಎದುರಿನಿಂದ ಅವರು ಸರಿಯಲಿಲ್ಲ. ಅವಳು ತಮ್ಮನನ್ನು ಸೊಂಟದ ಇನ್ನೊಂದು ಬದಿಗೆ ಎತ್ತಿಕೊಂಡು ಮತ್ತೆ ಬಿಸಿಲಿಗೆ ಹೋದಳು.

ಮರುದಿನದಿಂದ ಹಾಡಿಗೆ ಇನ್ನೊಂದು ನುಡಿ ಸೇರಿತು. ಅವಳು ಅದನ್ನೂ ಕಲಿತಳು. ಮತ್ತೊಂದು ಸೇರಿತು. ಅದನ್ನೂ ಕಲಿತಳು. ಹಾಡು ಬೆಳೆದಷ್ಟೂ ಊರ ಮಾತು ಅವಳಿಗೆ ಬರತೊಡಗಿತು.

ತನಿಖೆಯಮ್ಮ ಬರುವಳೆಂಬ ಸುದ್ದಿ ಬಂದಾಗ ಯಜಮಾನರು ಊರವರನ್ನು ಚಾವಡಿಯ ಮುಂದೆ ಸೇರಿಸಿದರು.

"ನಾಳೆ ಹಾಡಿಲ್ಲ," ಎಂದರು. "ಬಾಗಿಲು ಪೂರ್ತಿ ತೆಗೆದಿರ್ತದೆ. ಆಚೆ ದಂಡೆ ಮಕ್ಕಳನ್ನ ಮುಂದಿನ ಸಾಲಲ್ಲಿ ಕೂರಿಸ್ರಿ. ಮೊದಲ ಸೌಟು ಅವರಿಗೇ ಬೀಳಲಿ."

"ಯಾರಾದ್ರೂ ಬಾಯಿ ಬಿಟ್ಟರೆ?" ಒಬ್ಬ ತಾಯಿ ಕೇಳಿದಳು.

ಯಜಮಾನರು ಉಣಿಸವ್ವನ ಕಡೆಗೆ ನೋಡುತ್ತ ಹೇಳಿದರು, "ಬಾಯಿ ಬಿಟ್ಟವರೇ ಒಲೆಗೆ ನೀರು ಸುರಿದಂಗೆ. ಆಮೇಲೆ ಊರ ಮಕ್ಕಳೆಲ್ಲ ಉಪವಾಸ ಬಿದ್ರೆ ಅವರೇ ಜವಾಬು ಹೇಳಬೇಕು."

ತಾಯಂದಿರೂ ಉಣಿಸವ್ವನ ಕಡೆಗೆ ತಿರುಗಿದರು. ಅವಳು ಸೌಟು ತೊಳೆಯಲು ಒಳಗೆ ಹೋದಳು.

ತನಿಖೆಯಮ್ಮ ಬಂದಳು. ಬಿಳಿ ಸೀರೆ, ಹೆಗಲ ಮೇಲೊಂದು ಚೀಲ, ಕಾಲ ತುಂಬ ಧೂಳು. ಕಂಬಕ್ಕೆ ಒರಗಿ ಕೂತಳು. ಜಾಗಟೆ ಮೊಳಗಿತು. ಮಕ್ಕಳೆಲ್ಲ ಒಟ್ಟಿಗೆ ಒಳಗೆ ಬಂದರು. ಆಚೆ ದಂಡೆಯ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಅಗಲ ಎಲೆಗಳ ಎದುರು ಕೂರಿಸಿದರು. ಬಿಸಿ ಅನ್ನದ ಹಬೆ ಏಳುತ್ತಿತ್ತು. ಅಂದು ಗಣಿಗೆ ಹೋಗದ ತಾಯಂದಿರು ಗೋಡೆಯುದ್ದಕ್ಕೂ ನಿಂತಿದ್ದರು. ಉಣಿಸವ್ವ ಮೊದಲ ಸೌಟನ್ನು ಆ ಹುಡುಗಿಯ ಎಲೆಗೆ ಹಾಕಿದಳು. ಬೆಳ್ಳಗೆ, ಉದುರುದುರಾಗಿ, ಹಂಡೆಯ ಬಾಯಿಂದ ತೆಗೆದ ಅನ್ನ.

ಎಲ್ಲ ಸಾಲಿಗೂ ಬಡಿಸಿ ಆಯಿತು, ಮಕ್ಕಳು ಉಣ್ಣತೊಡಗಿದರು. ಹುಡುಗಿ ಮಾತ್ರ ಅನ್ನವನ್ನು ಮುಟ್ಟಲಿಲ್ಲ. ಅನ್ನವನ್ನು ನೋಡಿದಳು. ಬಾಗಿಲನ್ನು ನೋಡಿದಳು. ಯಜಮಾನರ ಕಡೆಗೆ ಮುಖವೆತ್ತಿ, ಊರ ಮಾತಿನಲ್ಲಿ, ಊರ ಮಕ್ಕಳ ಹಾಗೆಯೇ ಕೇಳಿದಳು:

"ಇವತ್ತು ಹಾಡು ಯಾಕಿಲ್ಲ?"

ಉಣ್ಣುತ್ತಿದ್ದ ಕೈಗಳೆಲ್ಲ ನಿಂತವು. ಒಲೆಯಲ್ಲಿ ಸೌದೆ ಚಟಪಟ ಎಂದದ್ದು ಗೋಡೆಯವರೆಗೂ ಕೇಳಿಸಿತು. ತನಿಖೆಯಮ್ಮ ಕಂಬ ಬಿಟ್ಟು ನೆಟ್ಟಗೆ ಕೂತಳು. ಹುಡುಗಿಯನ್ನು ಅವಳೂ ಏನೂ ಕೇಳುವಂತಿರಲಿಲ್ಲ. ಮಗು ಇನ್ನೂ ಉಂಡಿರಲಿಲ್ಲ. ಅವಳು ಯಜಮಾನರ ಕಡೆಗೆ ತಿರುಗಿದಳು.

"ಯಾವ ಹಾಡು?"

"ಏನೋ ಆಟದ ಹಾಡಮ್ಮ. ಮಕ್ಕಳದ್ದು."

"ಯಾವಾಗ ಹಾಡ್ತಾರೆ?"

"ಹಾಡ್ತಿರ್ತಾರೆ. ಮಕ್ಕಳಲ್ಲವಾ?"

ತನಿಖೆಯಮ್ಮ ಉಣಿಸವ್ವನ ಕಡೆಗೆ ನೋಡಿದಳು. "ಸೌಟು ನಿಮ್ಮ ಕೈಯಲ್ಲಿದೆ. ನೀವು ಹೇಳಿ."

ಉಣಿಸವ್ವನ ಮೊಮ್ಮಗ ಎರಡನೆಯ ಸಾಲಿನಲ್ಲಿ ಕೂತಿದ್ದ. ಕೈಯಲ್ಲಿ ಹಿಡಿದ ತುತ್ತನ್ನು ಬಾಯಿಗೆ ಒಯ್ಯದೆ ಅಜ್ಜಿಯನ್ನೇ ನೋಡುತ್ತಿದ್ದ. ಗೋಡೆಯ ಬಳಿ ನಿಂತ ತಾಯಿಯೊಬ್ಬಳು ಬೇಡವೆಂದು ತಲೆಯಾಡಿಸಿದಳು.

'ಗೊತ್ತಿಲ್ಲ' ಎಂಬ ಮಾತು ಉಣಿಸವ್ವನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದ್ದರೆ ತನಿಖೆಯಮ್ಮ ಎದ್ದು ಹೋಗುತ್ತಿದ್ದಳು, ನಾಳೆಯೂ ಒಲೆ ಉರಿಯುತ್ತಿತ್ತು. ಆದರೆ ಆ ಹುಡುಗಿ ಈಗ ಯಜಮಾನರನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದಳು. ಅಷ್ಟು ದಿನ ತಳದ ಅನ್ನ ಬಡಿಸುವಾಗ ಉಣಿಸವ್ವ ನೋಡದೆ ತಪ್ಪಿಸಿಕೊಂಡಿದ್ದ ಮುಖ ಅದು.

"ಹಾಡಿದವರು ಮೊದಲು ಉಣ್ಣಬೇಕು," ಎಂದಳು ಉಣಿಸವ್ವ. ಅವಳ ದನಿ ಅವಳಿಗೇ ಬೇರೆ ಯಾರದೋ ಎನಿಸಿತು. "ಹಾಡು ಬಾರದವರು ಬಿಸಿಲಲ್ಲಿ ನಿಲ್ಲಬೇಕು. ಕೊನೆಗೆ ಕರೆದು ತಳ ಕೆರೆದು ಹಾಕ್ತೇವೆ. ಈ ಹುಡುಗಿ ಹಾಡು ಕಲಿತಳು. ಕಲಿತ ಮೇಲೆ ಹಾಡನ್ನ ಉದ್ದ ಮಾಡಿದ್ರು. ತಳ ಕೆರೆದು ಹಾಕಿದ್ದು ಈ ಕೈ."

ಗೋಡೆಯ ಬಳಿ ಯಾರೋ "ಹಾಳಾಗಿ ಹೋಗಲಿ ಇವಳ ಬಾಯಿ" ಎಂದರು.

ಯಜಮಾನರು ಮುಂದೆ ಬಂದರು. "ಅಮ್ಮಾ, ನಾನು ಒಂದು ಮಗುವನ್ನೂ ಏನೂ ಕೇಳಿಲ್ಲ. ಹೆಸರು ಕೇಳಿಲ್ಲ, ಕುಲ ಕೇಳಿಲ್ಲ. ಇಲ್ಲಿರೋರನ್ನೆಲ್ಲ ವಿಚಾರಿಸಿ. ಕಟ್ಟಳೆ ಇದ್ದದ್ದು ಇದ್ದಂಗೇ ಇದೆ."

"ಹಾಡದಿದ್ದರೆ ಬಾಗಿಲು ಬಿಡ್ತಿದ್ದಿರಾ?"

ಯಜಮಾನರು ಬಾಗಿಲ ಕಡೆಗೆ ನೋಡಿದರು.

"ಹಂಗಾದರೆ ಕೇಳಿದಿರಿ," ಎಂದಳು ತನಿಖೆಯಮ್ಮ. "ಬಾಯಿ ತೆರೆಯದೆ ಕೇಳಿದಿರಿ, ಅಷ್ಟೇ. ಬೆಂದ ಅನ್ನ ಮಕ್ಕಳು ಉಣ್ಣಲಿ. ಆಮೇಲೆ ಒಲೆಗೆ ನೀರು ಹಾಕಿ."

ಮಕ್ಕಳು ಉಂಡರು. ಕೊಡದ ನೀರು ಒಲೆಗೆ ಬಿದ್ದಾಗ ಬೂದಿ ಮೇಲೆದ್ದು ಚಾವಡಿಯ ತುಂಬ ಹರಡಿತು. ತಾಯಂದಿರು ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಒಬ್ಬಳು ತನಿಖೆಯಮ್ಮನ ಕಾಲ ಬಳಿ ಕೂತಳು. "ನಮ್ಮ ಮಕ್ಕಳು ಏನು ಮಾಡಿದ್ವು ತಾಯಿ? ಮಳೆ ಬರೋತನಕ ಅವಕ್ಕೆ ಯಾರು ದಿಕ್ಕು?"

ತನಿಖೆಯಮ್ಮನ ಮುಖ ಬಾಡಿತ್ತು. "ಆರಿಸೋದು ನನ್ನ ಕೆಲಸ. ಹೊತ್ತಿಸೋದು ನನ್ನ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ. ಯಾರ ಮಕ್ಕಳನ್ನ ಬಾಗಿಲಲ್ಲಿ ನಿಲ್ಲಿಸಿದಿರೋ ಅವರು ಬಂದು ಹೊತ್ತಿಸಿದರೆ ಉರಿಯಲಿ. ಅವರು ಒಲ್ಲೆವು ಅಂದರೆ ಇಲ್ಲ." ಅಷ್ಟು ಹೇಳಿ ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು.

ಆ ಸಂಜೆ ಉಣಿಸವ್ವನ ಗುಡಿಸಲಿನ ಮೇಲೆ ಕಲ್ಲು ಬಿದ್ದವು. ನೀರಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿದರು. ಆಚೆ ದಂಡೆಗೆ ಹೋಗಿ ಕೇಳೋಣ ಎಂದು ಯಾರೂ ಅನ್ನಲಿಲ್ಲ. ಯಜಮಾನರು ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತರು.

ಮರುದಿನ ಬಿಸಿಲು ನೆತ್ತಿಗೆ ಬಂದಾಗ ಜಾಗಟೆ ಮೊಳಗಲಿಲ್ಲ. ಆದರೂ ಊರ ಮಕ್ಕಳು ಬಂದರು. ಅಭ್ಯಾಸದಂತೆ ಸಾಲಾಗಿ ಕೂತರು. ಎದುರಿಗೆ ಎಲೆಯಿರಲಿಲ್ಲ. ಉಣಿಸವ್ವ ಅವರನ್ನು ನೋಡಿದಳು, ಆರಿದ ಒಲೆಯನ್ನು ನೋಡಿದಳು, ಸೆರಗು ತಲೆಗೆ ಹೊದ್ದುಕೊಂಡು ಹೊಳೆಗೆ ಇಳಿದಳು. ಮರಳು ಅಂಗಾಲನ್ನು ಸುಟ್ಟಿತು.

ಆಚೆ ದಂಡೆಯಲ್ಲಿ ಹುಡುಗಿಯ ತಾಯಿ ಕುಕ್ಕರಗಾಲಲ್ಲಿ ಕೂತು ಅಚ್ಚಿಗೆ ಮಣ್ಣು ತುಂಬುತ್ತಿದ್ದಳು. ಅವಳಿಗೆ ಊರ ಮಾತು ಅಷ್ಟಿಷ್ಟು ಬರುತ್ತಿತ್ತು. ಬಂದವಳು ಯಾರೆಂದು ಮಗಳು ಹೇಳಿದಳು. ತಾಯಿ ತಲೆಯೆತ್ತಲಿಲ್ಲ.

"ನನ್ನ ಮಗಳು ಬಿಸಿಲಲ್ಲಿ ನಿಂತಾಗ ಸೌಟು ನಿನ್ನ ಕೈಯಲ್ಲಿತ್ತು."

"ಇತ್ತು."

"ಕಂಡೂ ಸುಮ್ಮನಿದ್ದೆ."

"ಸುಮ್ಮನಿದ್ದೆ."

"ಈಗ ಯಾವ ಮುಖ ಇಟ್ಕೊಂಡು ಬಂದೆ?"

"ಮುಖ ಇಲ್ಲ ತಾಯಿ. ಮಕ್ಕಳು ಬಂದು ಕೂತಿದಾವೆ. ನೀವು ಬಂದು ಹೊತ್ತಿಸಿದರೇ ಒಲೆ ಉರಿಯೋದು. ಅದಕ್ಕೆ ಬಂದೆ."

"ಕೂತಿರಲಿ," ಎಂದಳು ತಾಯಿ. "ನಮ್ಮವು ನಿಂತಿದ್ವು."

ಅವಳು ಅಚ್ಚನ್ನು ಮಗುಚಿದಳು. ಹಸಿ ಇಟ್ಟಿಗೆಯೊಂದು ನೆಲಕ್ಕಿಳಿಯಿತು. ಮತ್ತೆ ಮಣ್ಣು ತುಂಬಿದಳು, ಮತ್ತೆ ಮಗುಚಿದಳು. ಉಣಿಸವ್ವ ನಿಂತೇ ಇದ್ದಳು. ನೆರಳಿಗೆ ಬಾ ಎಂದು ಯಾರೂ ಕರೆಯಲಿಲ್ಲ. ಸುತ್ತ ಕೆಲಸ ಮಾಡುತ್ತಿದ್ದ ಗಂಡಸರು ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಅವರಲ್ಲೊಬ್ಬ ತನ್ನ ಮಾತಿನಲ್ಲಿ ಏನೋ ಗಟ್ಟಿಯಾಗಿ ಅಂದ. ಬೈಗುಳವೆಂದು ತಿಳಿಯಲು ಅರ್ಥ ಬೇಕಾಗಿರಲಿಲ್ಲ. ಇಟ್ಟಿಗೆಯ ಸಾಲು ಬೆಳೆಯುತ್ತ ಹೋಯಿತು. ಉಣಿಸವ್ವನ ಕಣ್ಣು ಕತ್ತಲೆಗಟ್ಟಿತು. ಬಿದ್ದರೆ ಇಲ್ಲೇ ಬೀಳಬೇಕು, ಹಿಂದಿರುಗಿ ಹೋಗುವುದು ಮಾತ್ರ ಆಗದು ಎಂದುಕೊಂಡಳು.

ಕೊನೆಗೆ ತಾಯಿ ಕೈ ತೊಳೆದುಕೊಂಡು ಎದ್ದಳು.

"ಬಂದರೆ, ಬಾಗಿಲಲ್ಲಿ ಯಾರು ನಿಲ್ತಾರೆ?"

"ಯಜಮಾನ್ರು ನಿಲ್ತಿದ್ರು."

"ಅವನು ನಿಂತ ಬಾಗಿಲಿಗೆ ನಾನು ಬರಲ್ಲ."

"ನೀನೇ ನಿಲ್ಲು."

ತಾಯಿ ನಕ್ಕಳು, ಸಂತೋಷದಿಂದಲ್ಲ. "ನಿಮ್ಮವರು ಬಿಡ್ತಾರಾ?"

"ಬಿಡ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ," ಎಂದಳು ಉಣಿಸವ್ವ. "ನಾನು ನಿನ್ನ ಪಕ್ಕ ನಿಂತಿರ್ತೇನೆ. ಅಷ್ಟು ಹೇಳಬಲ್ಲೆ."

ತಾಯಿ ಮಗಳ ಕಡೆಗೆ ನೋಡಿ ತನ್ನ ಮಾತಿನಲ್ಲಿ ಏನೋ ಕೇಳಿದಳು. ಹುಡುಗಿ ಉತ್ತರ ಹೇಳಿದಳು. ಅವರಿಬ್ಬರ ಮಧ್ಯೆ ಏನು ನಡೆಯಿತೆಂದು ಉಣಿಸವ್ವನಿಗೆ ಎಂದೂ ತಿಳಿಯಲಿಲ್ಲ. ತಾಯಿ ಇಟ್ಟಿಗೆ ಸುಡುವ ಗೂಡಿನಿಂದ ಕೆಂಡ ತೆಗೆದು ಹೆಂಚಿನ ಮೇಲಿಟ್ಟುಕೊಂಡು ಹೊಳೆಗೆ ಇಳಿದಳು. ಮಕ್ಕಳು ಅವಳ ಹಿಂದೆ ನಡೆದರು.

ಸುದ್ದಿ ಕೇಳಿ ಗಣಿ ಬಿಟ್ಟು ಬಂದ ಊರ ಹೆಂಗಸರು ಚಾವಡಿಯ ಮುಂದೆ ಅಡ್ಡ ನಿಂತಿದ್ದರು. ಕೆಂಡ ಹೊತ್ತವಳು ನಿಲ್ಲಲಿಲ್ಲ, ಓಡಲೂ ಇಲ್ಲ. ಕೈ ಸುಡುತ್ತಿದ್ದರೂ ಅದೇ ನಡಿಗೆಯಲ್ಲಿ ನಡೆದು ಬಂದಳು. ಉಣಿಸವ್ವ ಅವಳ ಪಕ್ಕದಲ್ಲಿದ್ದಳು. ಒಬ್ಬಳು ಸರಿದಳು. ಇನ್ನೊಬ್ಬಳು ಸರಿದಳು. ಮೂರನೆಯವಳು ಸರಿಯದೆ, ಒಳಗೆ ಕೂತಿದ್ದ ತನ್ನ ಮಗನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. "ಇವಳು ಹೊತ್ತಿಸಿದ ಒಲೆ ಅನ್ನ ನಮಗೆ ಬೇಡ." ಅವಳ ಹಿಂದೆ ಬೇರೆಯವರೂ ತಮ್ಮ ಮಕ್ಕಳನ್ನು ಎಬ್ಬಿಸಿಕೊಂಡು ಹೋದರು. ಎದ್ದು ಹೋದ ಮಕ್ಕಳು ಹಿಂದಿರುಗಿ ನೋಡುತ್ತ ಹೋದವು.

ಒಲೆ ಹೊತ್ತಿತು. ಹೊತ್ತು ಇಳಿಯುವಾಗ ಅನ್ನವಾಯಿತು. ಉಳಿದ ಮಕ್ಕಳು ಕಲಸುಮೇಲೋಗರವಾಗಿ ಕೂತು ಉಂಡರು. ಎದ್ದು ಹೋದವರ ಜಾಗದಲ್ಲೂ ಉಣಿಸವ್ವ ಎಲೆ ಹಾಕಿದಳು.

ಮುಂದಿನ ದಿನಗಳಲ್ಲಿ ಹಗೇವು ಬೇಗ ಇಳಿಯತೊಡಗಿತು. ಅನ್ನ ತೆಳುವಾಯಿತು, ಎಲ್ಲರ ಎಲೆಯಲ್ಲೂ ತೆಳುವಾಯಿತು. ಇಟ್ಟಿಗೆಯವರು ತಮ್ಮ ರಾಗಿಯಲ್ಲಿ ಒಂದು ಪಾಲು ತಂದು ಸುರಿದರು. ಸುರಿಯುವಾಗಲೂ ಅವರು ಊರವರೊಡನೆ ಮಾತಾಡಲಿಲ್ಲ. ಹುಡುಗಿಯ ತಾಯಿ ದಿನವೂ ಬಂದು ಬಾಗಿಲಲ್ಲಿ ನಿಂತಳು. ಎಳೆದುಕೊಂಡು ಹೋಗಿದ್ದ ಮಕ್ಕಳು ಒಂದೊಂದಾಗಿ ಹಿಂದಿರುಗಿದವು. ಹಸಿವು ಕರೆತಂದಿತೋ ತಾಯಂದಿರೇ ಕಳಿಸಿದರೋ, ಯಾರೂ ವಿಚಾರಿಸಲಿಲ್ಲ.

ಎಲ್ಲರಿಗಿಂತ ಕೊನೆಗೆ ಬಂದದ್ದು ಯಜಮಾನರ ಮೊಮ್ಮಗಳು. ಪುಟ್ಟ ಹುಡುಗಿ, ತಲೆಗೆ ಎಣ್ಣೆ ಕಂಡು ದಿನಗಳಾಗಿದ್ದವು. ಅಜ್ಜನ ಮನೆಯ ಕಾಳು ಮುಗಿದಿತ್ತು. ಅವಳು ಬಾಗಿಲಿಂದ ದೂರದಲ್ಲಿ, ಬಿಸಿಲಿನಲ್ಲಿ, ಲಂಗದ ಅಂಚನ್ನು ಹಿಂಡುತ್ತ ನಿಂತಳು. ಮುಂದೆ ಬರಲಿಲ್ಲ. ಅವಳ ಹಿಂದೆ ಓಣಿಯ ಮೂಲೆಯಲ್ಲಿ ಯಜಮಾನರು ನಿಂತಿದ್ದರು.

ಚಾವಡಿಯೊಳಗೆ ತುತ್ತು ಎತ್ತಿದ ಕೈಗಳು ನಿಂತವು. ಆಚೆ ದಂಡೆಯ ಮಕ್ಕಳು ಬಾಗಿಲಲ್ಲಿದ್ದ ತಾಯಿಯ ಮುಖ ನೋಡಿದರು. ಊರ ಮಕ್ಕಳೂ ನೋಡಿದರು. ಉಣಿಸವ್ವನಿಗೆ ಏನೋ ಹೇಳಬೇಕೆನಿಸಿತು. ಹೇಳಲು ತನಗೆ ಯಾವ ಹಕ್ಕಿದೆ ಎಂದುಕೊಂಡು ಹಂಡೆಯ ಕಡೆಗೆ ತಿರುಗಿದಳು.

ತಾಯಿ ಬಹಳ ಹೊತ್ತು ಆ ಮಗುವನ್ನು ನೋಡಿದಳು. ಮಗುವಿನ ಹಿಂದೆ ನಿಂತವನನ್ನು ನೋಡಿದಳು. ಆಮೇಲೆ ಹೊಸ್ತಿಲು ದಾಟಿ ಬಿಸಿಲಿಗೆ ಇಳಿದು ಹೋಗಿ ಹುಡುಗಿಯ ಮುಂಗೈ ಹಿಡಿದಳು. ಮೆಲ್ಲಗೇನೂ ಅಲ್ಲ, ಬಿಗಿಯಾಗಿಯೇ. ಒಳಗೆ ಕರೆತಂದು ತನ್ನ ಮಗಳ ಪಕ್ಕದಲ್ಲಿ ಕೂರಿಸಿದಳು. ಮಗಳು ತಮ್ಮನನ್ನು ತೊಡೆಯ ಮೇಲೆ ಎಳೆದುಕೊಂಡು ಜಾಗ ಮಾಡಿದಳು. ಉಣಿಸವ್ವ ಬಡಿಸಿದಳು. ಮಗು ತಲೆಯೆತ್ತದೆ ಗಬಗಬ ಉಂಡಿತು.

ಯಜಮಾನರು ಓಣಿಯ ಮೂಲೆ ಬಿಟ್ಟು ಒಂದೊಂದೇ ಹೆಜ್ಜೆ ಇಡುತ್ತ ಬಾಗಿಲವರೆಗೆ ಬಂದರು. ಒಳಗೆ ಬರಲು ಕಾಲು ಏಳಲಿಲ್ಲ. ಹಿಂದಿರುಗಲೂ ಏಳಲಿಲ್ಲ. ಹೊಸ್ತಿಲ ಪಕ್ಕದಲ್ಲಿ ಕುಡಿಯುವ ನೀರಿನ ಕೊಡ ಇತ್ತು. ಅದನ್ನು ಎತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಮಕ್ಕಳಿಗೆ ನೀರು ಹಾಕಲು ಯಾವ ಕಡೆಯಿಂದ ಶುರುಮಾಡುವುದೆಂದು ಅವರಿಗೆ ತಿಳಿಯಲಿಲ್ಲ. ಕೊಡದ ನೀರು ತುಳುಕಿ ಅವರ ಪಾದದ ಮೇಲೆ ಚೆಲ್ಲಿತು.

"ಈ ಕಡೆಯಿಂದ ಹಾಕ್ಕೊಂಡು ಬಾ," ಎಂದಳು ತಾಯಿ. "ಅನ್ನ ಗಂಟಲಿಗೆ ಸಿಕ್ಕಿದೆ, ಮಗು ಕೆಮ್ತಾ ಇದೆ."